ಕುಳಗಿ ಕ್ಯಾಂಪಿನಲ್ಲಿ ಒಂದು ರಾತ್ರಿ: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರಿಗೆ ಮಾರ್ಗದರ್ಶಿ

ಶಾಲೆಗೆ ರಜೆ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಓದುಗರು ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ದಾಂಡೇಲಿ ಹತ್ತಿರದ ಕುಳಗಿ ಕ್ಯಾಂಪಿನ ಟೆಂಟಿನಲ್ಲಿ ಮಕ್ಕಳ ಜೊತೆ ಉಳಿಯಬಹುದಾ? ರಾತ್ರಿ ಪ್ರಾಣಿ ಬರುತ್ತವಾ? ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬಹುದಾ? ಮೂರಕ್ಕೂ ಉತ್ತರ ಹೌದು. ಆದರೆ ಬುತ್ತಿಯನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಅನ್ನುವುದರ ಮೇಲೆ ನಿಮ್ಮ ಟೆಂಟಿನ ಹತ್ತಿರ ಯಾರು ಬರುತ್ತಾರೆ ಅನ್ನುವುದು ನಿಂತಿದೆ. ಈ ಲೇಖನದಲ್ಲಿ ಆ ಭಾಗವನ್ನೇ ಸ್ವಲ್ಪ ಉದ್ದಕ್ಕೆ ಬರೆದಿದ್ದೇನೆ.

ಮೊದಲು ಜಾಗದ ಪರಿಚಯ. ಕುಳಗಿ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ದಾಂಡೇಲಿಯಿಂದ ಅಂಬಿಕಾನಗರದ ರಸ್ತೆ ಹಿಡಿದರೆ ಸುಮಾರು 12 ಕಿ.ಮೀ. ಇದು ಅರಣ್ಯ ಇಲಾಖೆಯ ಕ್ಯಾಂಪು, ಖಾಸಗಿ ರೆಸಾರ್ಟ್ ಅಲ್ಲ. ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ವನ್ಯಜೀವಿಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಇಲ್ಲಿ ಹುಲಿ ಇದೆ, ಕಪ್ಪು ಚಿರತೆಯೂ ಇದೆ. ಆದರೆ ಒಂದು ರಾತ್ರಿ ಉಳಿದವರಿಗೆ ಅವು ಕಾಣುವುದು ತೀರಾ ಅಪರೂಪ. ಮಕ್ಕಳಿಗೆ "ಹುಲಿ ತೋರಿಸ್ತೀನಿ" ಅಂತ ಹೇಳಿ ಕರೆದೊಯ್ಯಬೇಡಿ. ಮುಸಿಯ, ಚುಕ್ಕೆ ಜಿಂಕೆ, ಮರದ ತುದಿಯಲ್ಲಿ ಓಡುವ ದೊಡ್ಡ ಕೆಂಪು ಅಳಿಲು, ಮಂಗಟ್ಟೆ ಹಕ್ಕಿ, ಅದೃಷ್ಟ ಇದ್ದರೆ ಕಾಡುಕೋಣ: ಇಷ್ಟನ್ನು ಹೇಳಿ. ಇವೂ ನಮ್ಮ ಬಯಲುಸೀಮೆಯ ಮಕ್ಕಳು ನೋಡದೇ ಇದ್ದವೇ ಅಲ್ವಾ?

ಹಂತ 1: ದಿನ ಆರಿಸಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟುಬಿಡಿ. ಅಲ್ಲಿ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಕಾಲುದಾರಿ ಜಾರುತ್ತದೆ, ಇಂಬಳ ಹತ್ತುತ್ತವೆ, ಸಫಾರಿ ನಿಂತಿರುವುದೂ ಉಂಟು.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಸಣ್ಣ ಮಕ್ಕಳು ಮತ್ತು ಹಿರಿಯರು ಇದ್ದರೆ, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಹಗಲು ಹಿತ, ರಾತ್ರಿ ಚಳಿ. ಮಾರ್ಚ್ ಕಳೆದ ಮೇಲೆ ಸೆಕೆ ಜಾಸ್ತಿ. ಆದರೆ ಎಲೆ ಉದುರಿ ಕಾಡು ತೆರೆದುಕೊಂಡಿರುತ್ತದೆ, ದೂರದವರೆಗೆ ಕಣ್ಣು ಹಾಯುತ್ತದೆ. ನೀರು ಇರುವ ಕಡೆಗೆ ಪ್ರಾಣಿಗಳೂ ಬರುತ್ತವೆ. ಪ್ರಾಣಿ ನೋಡುವುದೇ ಮುಖ್ಯ ಅನ್ನುವವರು ಸೆಕೆ ಸಹಿಸಿಕೊಂಡು ಆಗಲೇ ಹೋಗಲಿ.

ಶನಿವಾರ-ಭಾನುವಾರ ಬೇಡ. ರಾಫ್ಟಿಂಗ್‌ಗೆ ಬರುವ ಜನರಿಂದ ದಾಂಡೇಲಿ ತುಂಬಿರುತ್ತದೆ. ಪಕ್ಕದ ಟೆಂಟಿನಲ್ಲಿ ಸ್ಪೀಕರ್ ಹಚ್ಚುವವರು ಸಿಕ್ಕರೆ ನಿಮ್ಮ ಕಾಡಿನ ರಾತ್ರಿ ಅಲ್ಲಿಗೇ ಮುಗಿಯಿತು. ಸೋಮವಾರದಿಂದ ಗುರುವಾರದ ಒಳಗೆ ಒಂದು ದಿನ ರಜೆ ಹೊಂದಿಸಿಕೊಳ್ಳಿ.

ಹಂತ 2: ಬುಕಿಂಗ್

ಸುಮ್ನೆ ಹೋಗಿ ನಿಂತರೆ ಟೆಂಟು ಸಿಗುತ್ತದೆ ಅಂದುಕೊಳ್ಳಬೇಡಿ. ಅರಣ್ಯ ಇಲಾಖೆಯ ಬುಕಿಂಗ್ ವ್ಯವಸ್ಥೆಯಲ್ಲೇ ಮುಂಗಡ ಕಾಯ್ದಿರಿಸಿ. ದಾಂಡೇಲಿ ಸುತ್ತ "ಜಂಗಲ್", "ನೇಚರ್", "ಕ್ಯಾಂಪ್" ಅಂತ ಹೆಸರಿಟ್ಟುಕೊಂಡ ಖಾಸಗಿ ಜಾಗಗಳು ಬೇಕಾದಷ್ಟಿವೆ. ಅವು ತಪ್ಪು ಅಂತಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಮಧ್ಯವರ್ತಿಯ ಖಾತೆಗೆ ಹಣ ಹಾಕುವ ಮೊದಲು ರಸೀದಿ ಇಲಾಖೆಯದೇ ಹೌದೋ ಅಂತ ನೋಡಿಕೊಳ್ಳಿ.

ಬುಕ್ ಮಾಡುವಾಗ ಇವನ್ನು ಕೇಳಿ ಬರೆದಿಟ್ಟುಕೊಳ್ಳಿ: ಒಂದು ಟೆಂಟಿಗೆ ಎಷ್ಟು ಜನ, ಊಟ-ತಿಂಡಿ ಬಾಡಿಗೆಯಲ್ಲೇ ಸೇರಿದೆಯೋ, ಸಂಜೆ ಎಷ್ಟು ಗಂಟೆಯೊಳಗೆ ಒಳಗಿರಬೇಕು. ಸಫಾರಿ ಬೇರೆಯೇ ಲೆಕ್ಕ. ಅದು ಕ್ಯಾಂಪಿನಿಂದ ಹೊರಡುವುದಿಲ್ಲ, ಪಣಸೋಲಿ ಗೇಟಿನಿಂದ ಹೊರಡುತ್ತದೆ. ನೀವು ಅಲ್ಲಿಗೆ ಗಾಡಿಯಲ್ಲಿ ಹೋಗಬೇಕು. ಸಫಾರಿಯ ಮಾತಿನಲ್ಲಿ "ಸ್ಲಾಟ್" ಅಂದರೆ ಜೀಪು ಹೊರಡುವ ನಿಗದಿತ ಹೊತ್ತು: ನಸುಕಿನದೊಂದು, ಸಂಜೆಯದೊಂದು. ಕ್ಯಾಂಪು ತಲುಪುವ ದಿನವೇ ಸಂಜೆಯ ಸ್ಲಾಟ್ ಹಿಡಿಯುವ ಆತುರ ಬೇಡ. ದಾರಿಯಲ್ಲಿ ತಡವಾದರೆ ಹಣವೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ.

"ಡಾರ್ಮಿಟರಿ" ಅಂದರೆ ಸಾಲು ಮಂಚಗಳ ದೊಡ್ಡ ಕೋಣೆ. ಶಾಲೆ-ಕಾಲೇಜಿನ ಗುಂಪಿಗೆ ಅದೇ ಅನುಕೂಲ. ಕುಟುಂಬಕ್ಕೆ ಟೆಂಟು. ಈ ಟೆಂಟುಗಳನ್ನು ನೀವು ಹೊಡೆಯಬೇಕಿಲ್ಲ, ಮಂಚ-ಹಾಸಿಗೆ ಸಹಿತ ಕಾಯಂ ನಿಂತಿರುತ್ತವೆ. ಸ್ವಂತ ಟೆಂಟು ಒಯ್ದು ಕಾಡಿನಲ್ಲಿ ಎಲ್ಲೋ ಹೊಡೆಯುತ್ತೇವೆ ಅನ್ನುವವರಿಗೆ ಒಂದೇ ಮಾತು: ಅದಕ್ಕೆ ಅನುಮತಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಎಲ್ಲರ ಗುರುತಿನ ಚೀಟಿ ಮತ್ತು ಬುಕಿಂಗ್ ರಸೀದಿಯನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಕಾಡಿನ ರಸ್ತೆಯಲ್ಲಿ ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ.

ಹಂತ 3: ಸಾಮಾನು

ಬ್ಯಾಟರಿ ತಲೆಗೊಂದು ಇರಲಿ. ಮೊಬೈಲ್ ಬೆಳಕು ಸಾಲುವುದಿಲ್ಲ. ಬೆರಳು ಮುಚ್ಚುವ ಬೂಟು, ಉದ್ದ ಕಾಲುಚೀಲ, ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು. ಬಣ್ಣ ಮಣ್ಣಿನದು, ಎಲೆಯದು. ಬಿಳಿ ಮತ್ತು ಹೊಳೆಯುವ ಕೆಂಪು ಬೇಡ. ಚಳಿಗಾಲವಾದರೆ ಸ್ವೆಟರ್ ಬೇಕೇ ಬೇಕು, ಜಾಗ ಇದ್ದರೆ ಮನೆಯ ಕೌದಿಯೂ ಬರಲಿ. ಸೊಳ್ಳೆ ಮುಲಾಮು, ದಿನದ ಔಷಧಿ, ಜ್ವರದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಕಟ್ಟುವ ಬಟ್ಟೆ, ಸಣ್ಣ ಚಿಮಟ. ಚಿಮಟ ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ದುರ್ಬೀನು ಇದ್ದವರಿಂದ ಕೇಳಿ ತನ್ನಿ. ಹಕ್ಕಿ ನೋಡಲು ಕ್ಯಾಮೆರಾಗಿಂತ ಅದೇ ಮೇಲು.

ಸೆಂಟು, ಘಮಘಮಿಸುವ ತಲೆಯೆಣ್ಣೆ, ಪಟಾಕಿ, ಡ್ರೋನ್, ಸ್ಪೀಕರ್, ಮದ್ಯ ಮನೆಯಲ್ಲೇ ಇರಲಿ. ಎಸೆಯುವ ಪ್ಲಾಸ್ಟಿಕ್ ತಟ್ಟೆ-ಲೋಟದ ಬದಲು ಸ್ಟೀಲಿನವು ಒಯ್ಯಿರಿ.

ಹಂತ 4: ದಾರಿ

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ 55-60 ಕಿ.ಮೀ. ಹುಬ್ಬಳ್ಳಿಯವರು ಧಾರವಾಡದ ಮೇಲೆ ಹೋಗಬಹುದು, ಕಲಘಟಗಿ ಕಡೆಯಿಂದ ಹಳಿಯಾಳ ಸೇರಬಹುದು. ವಾಯವ್ಯ ಸಾರಿಗೆಯ ಬಸ್ಸು ದಾಂಡೇಲಿಯವರೆಗೆ ಆರಾಮಾಗಿ ಸಿಗುತ್ತವೆ. ಅಲ್ಲಿಂದ ಕುಳಗಿಗೆ ಅಂಬಿಕಾನಗರದ ಕಡೆ ಹೋಗುವ ಬಸ್ಸು, ಇಲ್ಲವಾದರೆ ಬಾಡಿಗೆ ಗಾಡಿ.

ಮುಖ್ಯವಾದದ್ದು ಹೊತ್ತು. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಪು ಸೇರಿ. ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ಗಾಡಿ ಓಡಿಸುವ ಪ್ರಸಂಗ ತಂದುಕೊಳ್ಳಬೇಡಿ. ದನದಂತೆ ರಸ್ತೆಗೆ ಅಡ್ಡ ನಿಂತ ಕಾಡುಕೋಣ ಹಾರ್ನ್‌ಗೆ ಹೆದರಿ ಸರಿಯುವುದಿಲ್ಲ. ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ದೊಡ್ಡ ಲೈಟು ಇಳಿಸಿ, ಅದು ದಾಟುವವರೆಗೆ ಕಾಯಿರಿ. ಒಂದು ದಾಟಿತೆಂದು ತಕ್ಷಣ ಹೊರಡಬೇಡಿ, ಹಿಂದೆ ಗುಂಪು ಇರಬಹುದು. ಫೋಟೊಗೆ ಇಳಿಯುವುದಂತೂ ಬೇಡವೇ ಬೇಡ. ರಸ್ತೆ ಬದಿಯ ಮಂಗಗಳಿಗೆ ಬಾಳೆಹಣ್ಣು ಎಸೆಯಬೇಡಿ. ಹಾಗೆ ಎಸೆದದ್ದನ್ನು ತಿನ್ನಲು ರಸ್ತೆಗಿಳಿದ ಮರಿಗಳು ಗಾಡಿಯಡಿ ಸಾಯುತ್ತವೆ.

ದಾಂಡೇಲಿ ಹತ್ತಿರ ಕಾಳಿ ನದಿ ಕಂಡೊಡನೆ ಕಾಲು ನೆನೆಸಿಕೊಳ್ಳುವ ಆಸೆ ಆಗುತ್ತದೆ. ಈ ಆಸೆಯನ್ನು ತಡೆಯಿರಿ. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ, ದಂಡೆಯಲ್ಲಿ ಅವು ಕಲ್ಲಿನಂತೆಯೇ ಕಾಣುತ್ತವೆ. ಮೇಲೆ ಸೂಪಾ ಅಣೆಕಟ್ಟು ಇದೆ. ವಿದ್ಯುತ್ ತೆಗೆಯಲು ನೀರು ಬಿಟ್ಟಾಗ ನದಿ ಇದ್ದಕ್ಕಿದ್ದಂತೆ ಏರುತ್ತದೆ. ಸ್ಥಳೀಯರು ಬೇಡ ಅಂದ ಕಡೆ ನೀರಿಗೆ ಇಳಿಯಬೇಡಿ.

ಹಂತ 5: ತಲುಪಿದ ಮೇಲೆ ಮೊದಲ ಅರ್ಧ ತಾಸು

ಬ್ಯಾಗು ಬಿಚ್ಚುವ ಮೊದಲು ಕ್ಯಾಂಪಿನ ಸಿಬ್ಬಂದಿಯ ಹತ್ತಿರ ಹೋಗಿ ಮಾತಾಡಿ. ಅಲ್ಲಿನ "ವಾಚರ್", ಅಂದರೆ ಅರಣ್ಯ ಕಾವಲುಗಾರರು, ಬಹಳ ಸಲ ಅಕ್ಕಪಕ್ಕದ ಹಳ್ಳಿಯವರೇ. ನಿನ್ನೆ ರಾತ್ರಿ ಯಾವ ಪ್ರಾಣಿ ಬಂದಿತ್ತು, ಯಾವ ಕಡೆ ಹೋಗಬಾರದು ಅನ್ನುವುದು ಅವರಿಗೆ ಗೊತ್ತು. "ಅಣ್ಣಾರೆ, ಈ ವಾರ ಇಲ್ಲಿ ಏನೇನು ಅಡ್ಡಾಡ್ತಾವ?" ಅಂತ ಒಂದು ಮಾತು ಕೇಳಿದರೆ ಸಾಕು, ಇಂಟರ್ನೆಟ್‌ನಲ್ಲಿ ಸಿಗದ್ದೆಲ್ಲ ಸಿಗುತ್ತದೆ.

ಬೆಳಕಿರುವಾಗಲೇ ಟೆಂಟಿನಿಂದ ಶೌಚಾಲಯ, ಊಟದ ಮನೆ, ಸಿಬ್ಬಂದಿಯ ಕೋಣೆಗೆ ದಾರಿ ನಡೆದು ನೋಡಿ. ಮಕ್ಕಳನ್ನೂ ನಡೆಸಿ. ಟೆಂಟಿನ ಜಿಪ್ ಪೂರ್ತಿ ಹತ್ತುತ್ತದೆಯೋ, ಬಟ್ಟೆ ಎಲ್ಲಾದರೂ ಹರಿದಿದೆಯೋ, ಮಂಚದ ಕೆಳಗೆ ಏನಾದರೂ ಇದೆಯೋ ಬ್ಯಾಟರಿ ಹಾಕಿ ನೋಡಿ. ತೂತು ಇದ್ದರೆ ಆಗಲೇ ಹೇಳಿ. ರಾತ್ರಿ ಹನ್ನೊಂದಕ್ಕೆ ಟೆಂಟು ಬದಲಿಸುವುದು ಯಾರಿಗೂ ಸುಲಭವಲ್ಲ.

ಹಂತ 6: ಊಟ ಮತ್ತು ಬುತ್ತಿ

ನಮ್ಮ ಕಡೆಯವರು ಬುತ್ತಿ ಇಲ್ಲದೆ ಊರು ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಚುರುಮುರಿ ಚೂಡಾ, ಉಂಡಿ, ಕೊನೆಗೆ ಒಂದು ಡಬ್ಬಿ ಧಾರವಾಡ ಪೇಡೆ. ಒಯ್ಯಿರಿ, ತಪ್ಪೇನಿಲ್ಲ. ಆದರೆ ಒಂದು ನಿಯಮವನ್ನು ಮಾತ್ರ ಮುರಿಯಬೇಡಿ: ಟೆಂಟಿನ ಒಳಗೆ ತಿನ್ನುವ ಯಾವ ವಸ್ತುವೂ ಇರಬಾರದು. ಬಿಸ್ಕೀಟು ಬೇಡ, ಮಗುವಿನ ಹಾಲಿನ ಪುಡಿ ಬೇಡ, ಜೇಬಿನಲ್ಲಿ ಉಳಿದ ಶೇಂಗಾ ಕೂಡ ಬೇಡ.

ಯಾಕೆ ಅಂದರೆ ಇದು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬರುತ್ತದೆ. ಹಗಲಲ್ಲಿ ಮಂಗ ಬರುತ್ತದೆ. ಪೊಟ್ಟಣದ ಪರಪರ ಸದ್ದು ಅದಕ್ಕೆ ದೂರದಿಂದಲೇ ಗೊತ್ತು, ಜಿಪ್ ತೆಗೆಯುವುದನ್ನೂ ಕಲಿಯುತ್ತದೆ. ತೆಗೆಯಲು ಆಗದಿದ್ದರೆ ಬಟ್ಟೆ ಹರಿಯುತ್ತದೆ. ಕತ್ತಲಾದ ಮೇಲೆ ಇರುವೆ ಮತ್ತು ಇಲಿಯ ಸರದಿ. ರೊಟ್ಟಿಯ ಚೂರು ಇಲಿಯನ್ನು ಕರೆಯುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕಾಡುಹಂದಿಗೆ ಮೂಗು ಬಹಳ ಚುರುಕು. ಕರಡಿಯ ಮೂಗು ಅದಕ್ಕೂ ಚುರುಕು, ಸಿಹಿ ಅಂದರೆ ಅದಕ್ಕೆ ಪ್ರಾಣ. ಜನ ಹುಲಿಗೆ ಹೆದರಿ ನಿದ್ದೆಗೆಡುತ್ತಾರೆ, ತಲೆದಿಂಬಿನ ಪಕ್ಕ ಪೇಡೆ ಡಬ್ಬಿ ಇಟ್ಟುಕೊಂಡಿರುತ್ತಾರೆ. ಹೆದರಬೇಕಾದದ್ದು ಆ ಡಬ್ಬಿಗೆ.

ಇದರಲ್ಲಿ ಪ್ರಾಣಿಗೆ ಆಗುವ ಕೇಡು ಇನ್ನೂ ದೊಡ್ಡದು. ಟೆಂಟಿನಲ್ಲಿ ಒಮ್ಮೆ ತಿಂಡಿ ಸಿಕ್ಕ ಮಂಗವೋ ಹಂದಿಯೋ ಮತ್ತೆ ಮತ್ತೆ ಬರುತ್ತದೆ. ಹೆದರಿಕೆ ಬಿಡುತ್ತದೆ, ಒಂದು ದಿನ ಯಾರನ್ನಾದರೂ ಕಚ್ಚುತ್ತದೆ. ಆಗ ಅದಕ್ಕೆ "ತಂಟೆಕೋರ" ಅನ್ನುವ ಹೆಸರು ಬೀಳುತ್ತದೆ, ಹಿಡಿದು ಬೇರೆ ಕಡೆ ಸಾಗಿಸುವ ಮಾತು ಶುರುವಾಗುತ್ತದೆ. ಕಲಿಸಿದವರು ನಾವು, ಶಿಕ್ಷೆ ಅದಕ್ಕೆ.

ಹಾಗಾದರೆ ಎಲ್ಲಿ ಇಡಬೇಕು? ಗಾಡಿ ಇದ್ದರೆ ಅದರ ಡಿಕ್ಕಿಯಲ್ಲಿ, ಕಿಟಕಿ ಪೂರ್ತಿ ಏರಿಸಿ. ಬಸ್ಸಿನಲ್ಲಿ ಬಂದವರು ಕ್ಯಾಂಪಿನ ಅಡುಗೆಮನೆಯವರಿಗೆ ಕೊಟ್ಟು ಇಡಿಸಿ, ಕೇಳಿದರೆ ಇಟ್ಟುಕೊಳ್ಳುತ್ತಾರೆ. ಬಟ್ಟೆಯ ಗಂಟು, ಕವರು ಬೇಡ. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಯೇ ಸರಿ. ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಸೋಪು ಕೂಡ ವಾಸನೆಯ ವಸ್ತುಗಳೇ, ಅವೂ ಡಬ್ಬಿಗೆ ಹೋಗಲಿ. ತಿನ್ನುವುದು ಊಟದ ಜಾಗದಲ್ಲಿ ಮಾತ್ರ. ಮಕ್ಕಳಿಗೆ ಮಲಗುವ ಮುಂಚೆ ಏನಾದರೂ ಬೇಕೆಂದರೆ ಅಲ್ಲೇ ಕೂರಿಸಿ ತಿನ್ನಿಸಿ, ಬಾಯಿ-ಕೈ ತೊಳೆಸಿ, ಅಂಗಿಯ ಮೇಲಿನ ಚೂರು ಕೊಡವಿ ಟೆಂಟಿಗೆ ಕರೆತನ್ನಿ. ಸಿಪ್ಪೆಯನ್ನೂ ಪೊದೆಗೆ ಎಸೆಯಬೇಡಿ. "ಕೊಳೆಯುತ್ತದೆ ಬಿಡು" ಅನ್ನುತ್ತಾರೆ, ಆದರೆ ಕೊಳೆಯುವ ಮುಂಚೆ ಅದನ್ನು ಹುಡುಕಿಕೊಂಡು ಬರುವವರು ಇದ್ದಾರೆ.

ಸ್ವಂತ ಒಲೆ, ಬೆಂಕಿ ಬೇಡ. ಫೆಬ್ರವರಿಯಿಂದ ಮೇವರೆಗೆ ಒಣ ಎಲೆ ಮೊಣಕಾಲುದ್ದ ಬಿದ್ದಿರುತ್ತದೆ, ಒಂದು ಬೀಡಿಯ ತುಣುಕು ಸಾಕು. ಸಿಬ್ಬಂದಿಯೇ ತಮ್ಮ ಜಾಗದಲ್ಲಿ ಬೆಂಕಿ ಹಾಕಿದರೆ ಕಾಯಿಸಿಕೊಳ್ಳಿ.

ಹಂತ 7: ರಾತ್ರಿ

ಊಟ ಮುಗಿಸಿ ಒಂಬತ್ತರ ಹೊತ್ತಿಗೆ ದೀಪ ಆರಿಸಿ, ಸ್ವಲ್ಪ ಹೊತ್ತು ಟೆಂಟಿನ ಮುಂದೆ ಸುಮ್ಮನೆ ಕೂತು ಕೇಳಿ. ಕಾಡಿನ ರಾತ್ರಿ ಇರುವುದು ಕಿವಿಗೆ. ನಾಯಿ ಬೊಗಳಿದಂತೆ ಕೇಳಿದರೆ ಅದು ಕಾಡುಕುರಿ ಅನ್ನುವ ಸಣ್ಣ ಜಿಂಕೆ ಇರಬಹುದು. ಚುಕ್ಕೆ ಜಿಂಕೆ ಚೂಪಾಗಿ ಕೂಗಿದರೆ, ಮುಸಿಯ ಮೇಲಿಂದ ಕೆಮ್ಮಿದಂತೆ ಸದ್ದು ಮಾಡಿದರೆ, ಹತ್ತಿರದಲ್ಲಿ ಚಿರತೆಯಂಥ ಬೇಟೆಗಾರ ಓಡಾಡುತ್ತಿರಬಹುದು. ಇದಕ್ಕೆ ಕಾಡಿನ ಜನ "ಅಲಾರಂ ಕಾಲ್" ಅಂತಲೂ ಅನ್ನುತ್ತಾರೆ. ಒಂದು ಪ್ರಾಣಿ ಉಳಿದವಕ್ಕೆ ಕೊಡುವ ಎಚ್ಚರಿಕೆ. ಅದು ಕೇಳಿದರೆ ನೋಡಲು ಓಡಬೇಡಿ, ಒಳಗೆ ಹೋಗಿ ಜಿಪ್ ಎಳೆಯಿರಿ.

ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು, ನೋವು ಅಷ್ಟಾಗಿ ತಿಳಿಯುವುದೂ ಇಲ್ಲ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಇದ್ದರೆ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಬೂಟು ಒಳಗಿಟ್ಟುಕೊಳ್ಳಿ. ಬೆಳಗ್ಗೆ ಹಾಕುವ ಮುಂಚೆ ತಲೆಕೆಳಗು ಮಾಡಿ ಕುಟ್ಟಿ, ಚೇಳು ಕೂತಿರಬಹುದು.

ಮಧ್ಯರಾತ್ರಿ ಶೌಚಕ್ಕೆ ಹೊರಗೆ ಹೋಗಬೇಕಾದರೆ ಒಬ್ಬರೇ ಹೋಗಬೇಡಿ. ಮೊದಲು ಜಿಪ್ ಸ್ವಲ್ಪ ತೆಗೆದು ಬ್ಯಾಟರಿಯ ಬೆಳಕನ್ನು ಸುತ್ತ ಆಡಿಸಿ. ಹೊಳೆಯುವ ಕಣ್ಣು ಕಂಡರೆ ಕಾಯಿರಿ. ನಡೆಯುವಾಗ ಬೆಳಕು ಪಾದದ ಮುಂದಿನ ನೆಲದ ಮೇಲಿರಲಿ, ಸಣ್ಣಗೆ ಮಾತಾಡುತ್ತ ಹೋಗಿ. ಹಗಲಲ್ಲಿ ಪ್ರಾಣಿ ನೋಡಲು ಮೌನ ಬೇಕು. ರಾತ್ರಿ ನಡೆಯುವಾಗ ಸದ್ದು ಬೇಕು, ಯಾಕೆಂದರೆ ನೀವು ಬರುತ್ತಿರುವುದು ಕರಡಿಗೆ ಮೊದಲೇ ತಿಳಿಯಬೇಕು.

ಹಾವು ಕಚ್ಚಿದರೆ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ನಾಟಿ ಔಷಧಿಗೆ ಹೊತ್ತು ಕಳೆಯಬೇಡಿ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಕಚ್ಚಿದ ಅಂಗ ಅಲುಗದಂತೆ ಇಟ್ಟು, ಸಿಬ್ಬಂದಿಯನ್ನು ಎಬ್ಬಿಸಿ, ದಾಂಡೇಲಿಯ ಸರ್ಕಾರಿ ಆಸ್ಪತ್ರೆಗೆ ಹೊರಡಿ. 108 ಆಂಬುಲೆನ್ಸ್‌ಗೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಸಿಗ್ನಲ್ ಕ್ಯಾಂಪಿನ ಯಾವ ಮೂಲೆಯಲ್ಲಿ ಸಿಗುತ್ತದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ.

ಹಂತ 8: ನಸುಕು

ಆರಕ್ಕೆ ಏಳದಿದ್ದರೆ ಬಂದದ್ದರಲ್ಲಿ ಅರ್ಧ ಕಳೆದುಕೊಂಡಂತೆ. "ನೇಚರ್ ಟ್ರೇಲ್", ಅಂದರೆ ಇಲಾಖೆ ಗುರುತಿಸಿದ ಕಾಲುದಾರಿ, ಅದರಲ್ಲಿ ಸಿಬ್ಬಂದಿಯ ಜೊತೆಗೇ ನಡೆಯಿರಿ. ಮಕ್ಕಳು ನಡುವೆ, ದೊಡ್ಡವರು ಹಿಂದೆ-ಮುಂದೆ. ಕಾಡುಕೋಣ ಎದುರಾದರೆ ಓಡಬೇಡಿ. ಅದು ತಲೆ ತಗ್ಗಿಸಿ ಬುಸುಗುಟ್ಟಿದರೆ ಅದರ ಕಡೆಗೇ ಮುಖ ಇಟ್ಟು ನಿಧಾನವಾಗಿ ಹಿಂದೆ ಸರಿಯಿರಿ, ನಡುವೆ ದಪ್ಪ ಮರ ಇರುವಂತೆ ನೋಡಿಕೊಳ್ಳಿ. ಆನೆ ಇದೆ ಅಂತ ವಾಚರ್ ಹೇಳಿದರೆ ಅಲ್ಲಿಂದಲೇ ತಿರುಗಿ ಬನ್ನಿ, ಚೌಕಾಸಿ ಬೇಡ.

ಮಂಗಟ್ಟೆಗಾಗಿ ಒಂದು ಬೆಳಗನ್ನು ಮೀಸಲಿಡಲೇಬೇಕು. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಕಾಳಿ ದಂಡೆಯ ಕಾಡಿನ ಒಂದು ಭಾಗವನ್ನು 2011ರಲ್ಲಿ ಅವುಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ದಾಂಡೇಲಿ ಊರಿನ ಅರಣ್ಯ ಇಲಾಖೆಯ ಮರದ ಡಿಪೋ ಸುತ್ತಮುತ್ತ ಬೆಳಗಿನ ಹೊತ್ತು ಚೆನ್ನಾಗಿ ಕಾಣುತ್ತವೆ. ರೆಕ್ಕೆಯ ಭರ್ ಭರ್ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು ಸಣ್ಣ ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಹಣ್ಣು ತಂದು ಅದರಲ್ಲಿ ಕೊಡುತ್ತದೆ. ನೀವು ಆ ಮರದ ಕೆಳಗೆ ನಿಂತಿದ್ದರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿನ ತಾಯಿ-ಮರಿ ಉಪವಾಸ. ಫೋಟೊ ಎಷ್ಟೇ ಚೆನ್ನಾಗಿ ಬರುವಂತಿದ್ದರೂ ದೂರ ಸರಿಯಿರಿ. ಇದನ್ನು ಮಕ್ಕಳಿಗೆ ವಿವರಿಸಿ ಹೇಳಿದರೆ ದೊಡ್ಡವರಿಗಿಂತ ಅವರೇ ಚೆನ್ನಾಗಿ ಪಾಲಿಸುತ್ತಾರೆ.

ಹಂತ 9: ಹೊರಡುವಾಗ ಮತ್ತು ಮನೆಗೆ ಬಂದ ಮೇಲೆ

ತಂದ ಪ್ಲಾಸ್ಟಿಕ್ ಎಲ್ಲ ವಾಪಸ್ ಊರಿಗೆ ತನ್ನಿ. ಕಾಡಿನ ಗರಿ, ಕೊಂಬು, ಕಲ್ಲು ಯಾವುದೂ ಬ್ಯಾಗಿಗೆ ಬೇಡ.

ಈಗ ಚಿಮಟದ ಮಾತು. ಒಣಗಾಲದಲ್ಲಿ ಹುಲ್ಲು-ಎಲೆಯಿಂದ ಉಣ್ಣಿ ಹತ್ತುತ್ತವೆ. ಮರಿಗಳು ಎಳ್ಳಿಗಿಂತ ಸಣ್ಣವು. ಸ್ನಾನದ ಹೊತ್ತಿಗೆ ಕಂಕುಳು, ತೊಡೆಯ ಸಂದು, ಮಂಡಿಯ ಹಿಂದೆ, ಕಿವಿಯ ಹಿಂದೆ, ಮಕ್ಕಳ ತಲೆಗೂದಲು ಎಲ್ಲ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಿಂದ ಹಿಸುಕುವುದು, ಸುಡುವುದು, ಎಣ್ಣೆ ಹಚ್ಚುವುದು ಬೇಡ. ಆಮೇಲೆ ಸೋಪು ನೀರಿನಿಂದ ತೊಳೆಯಿರಿ. ಹಾಕಿದ ಅರಿವೆಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣಿಯಿಂದ ಹರಡುತ್ತದೆ. ಉತ್ತರ ಕನ್ನಡದ ಕಾಡಂಚಿನಲ್ಲೂ ಕಾಣಿಸಿಕೊಳ್ಳುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಿ. ಊರಿಗೆ ಬಂದು ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮನೆಯಲ್ಲೇ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಕೇಳದಿದ್ದರೂ ನೀವಾಗಿಯೇ ಹೇಳಿ: ಇಂಥ ದಿನ ದಾಂಡೇಲಿ ಕಾಡಿನಲ್ಲಿ ಉಳಿದಿದ್ದೆವು, ಉಣ್ಣಿ ಕಚ್ಚಿತ್ತು.